ಬೀಳುವವನಿಗೆ ಮೊದಲು ಕಲಿಸಿ: ಕಡಿಮೆ ದುಡ್ಡಿನಲ್ಲಿ ಫೈಟ್ ತೆಗೆದ ನನ್ನ ಅನುಭವ

ಶಿವಮೊಗ್ಗದಲ್ಲಿ ಕರಾಟೆ ಕಲಿಸುತ್ತೇನೆ. ನನ್ನ ಶಿಷ್ಯರನ್ನೇ ಹಾಕಿಕೊಂಡು ಒಂದು ಕಿರುಚಿತ್ರ ಮಾಡಿದೆ. ಕಥೆ ಸ್ವಲ್ಪ, ಫೈಟ್ ಜಾಸ್ತಿ. ಮುಚ್ಚಿಹೋದ ಒಂದು ರೈಸ್ ಮಿಲ್ಲು ಲೊಕೇಶನ್, ಮೊಬೈಲೇ ಕ್ಯಾಮೆರಾ. ರೋಪ್ ಇಲ್ಲ, ಗ್ರಾಫಿಕ್ಸ್ ಇಲ್ಲ. ಹೀಗೆ ಮಾಡಬೇಕು ಅಂತ ಆಸೆ ಇರುವ ಹುಡುಗ ಹುಡುಗಿಯರು ಊರೂರಲ್ಲಿ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಕಡಿಮೆ ಬಜೆಟ್ಟಿನ ಮಾರ್ಷಲ್ ಆರ್ಟ್ಸ್ ಸಿನಿಮಾಗಳನ್ನು ನಾನು ಪಾಠ ಓದುವ ಹಾಗೆ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಅದರಲ್ಲಿ ಸ್ಟಾರ್ ಆದವರು ಒಂದೇ ತರಹದವರಲ್ಲ. 1985ರ ‘ಅಮೆರಿಕನ್ ನಿಂಜಾ’ ನಾಯಕ ಮೈಕೆಲ್ ಡುಡಿಕಾಫ್‌ಗೆ ಆ ಪಾತ್ರ ಸಿಕ್ಕಾಗ ಮಾರ್ಷಲ್ ಆರ್ಟ್ಸ್ ಗೊತ್ತಿರಲಿಲ್ಲ. ಅದೇ ವರ್ಷ ಹಾಂಗ್‌ಕಾಂಗ್‌ನಲ್ಲಿ ಮಿಶೆಲ್ ಯೋ ಜೊತೆ ನಟಿಸಿದ ಸಿಂಥಿಯಾ ರಾಥ್‌ರಾಕ್ ಕಟಾ (ಎದುರಾಳಿ ಇಲ್ಲದೆ ಒಬ್ಬರೇ ಮಾಡಿ ತೋರಿಸುವ ವರಸೆ) ಮತ್ತು ಆಯುಧ ವಿಭಾಗಗಳಲ್ಲಿ ಚಾಂಪಿಯನ್ ಆಗಿದ್ದವರು. ಇಬ್ಬರ ಫೈಟೂ ಜನ ನೋಡಿದರು. ಎಲ್ಲಿ ಏಟು ನಿಜ ಅನ್ನಿಸುತ್ತದೆ ಅಂತ ಹುಡುಕುತ್ತಾ ಹೋದ ಹಾಗೆ ನನ್ನ ಕಣ್ಣು ಸ್ಟಾರ್‌ಗಳನ್ನು ಬಿಟ್ಟು ಎದುರಿಗೆ ನಿಂತವರ ಮೇಲೆ ಹೋಯಿತು. ಥಾಯ್ ನಟ ಟೋನಿ ಜಾ ಅವರ 2003ರ ‘ಓಂಗ್ ಬಾಕ್’ ನೋಡಿ. ಆ ಮೊಣಕೈ, ಮೊಣಕಾಲಿನ ಏಟು ತಿಂದು ಬೀಳುವವರು ಪನ್ನಾ ರಿಟ್ಟಿಕ್ರೈ ಅವರ ತಂಡದವರು. ಪನ್ನಾ ಥಾಯ್ಲೆಂಡಿನ ಈಶಾನ್ಯ ಭಾಗದಲ್ಲಿ ಸಣ್ಣ ದುಡ್ಡಿನ ಆ್ಯಕ್ಷನ್ ಸಿನಿಮಾ ಮಾಡುತ್ತಾ ವರ್ಷಗಟ್ಟಲೆ ಹುಡುಗರನ್ನು ತಯಾರು ಮಾಡಿದವರು. ಟೋನಿ ಜಾ ಕೂಡ ಅವರ ಕೈಯಲ್ಲೇ ಬೆಳೆದ ಹುಡುಗ. ಬೀಳುವವರು ಅಷ್ಟು ಚೆನ್ನಾಗಿ ಬೀಳದಿದ್ದರೆ ಟೋನಿ ಜಾ ಒದೆತಕ್ಕೆ ಆ ಬೆಲೆ ಬರುತ್ತಿರಲಿಲ್ಲ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಅದಕ್ಕೇ ನಮ್ಮ ತಯಾರಿಯನ್ನು ಬೀಳುವುದರಿಂದ ಶುರು ಮಾಡಿದೆ. ಒಬ್ಬ ಶಿಷ್ಯ ಮುಖ ಸಪ್ಪೆ ಮಾಡಿಕೊಂಡು, "ಸರ್, ನಾನು ಬರೀ ಬೀಳೋದಾ?" ಅಂದ. "ಒದೆಯೋದು ನಿಂಗೆ ಬರುತ್ತಪ್ಪಾ, ಬೀಳೋದು ಬರಲ್ಲ. ಅದನ್ನ ಕಲಿ" ಅಂದೆ. ಗದ್ದ ಎದೆಗೆ ಒತ್ತಿರಬೇಕು, ತಲೆಯ ಹಿಂಭಾಗ ನೆಲ ಮುಟ್ಟಲೇಬಾರದು. ಬೆನ್ನು ಗುಂಡಗೆ ಮಾಡಿ ಉರುಳಬೇಕು. ಅಂಗೈಯಿಂದ ಮೊಣಕೈವರೆಗೆ ತೋಳನ್ನು ಒಟ್ಟಿಗೆ ನೆಲಕ್ಕೆ ಬಡಿಯಬೇಕು. ಜೂಡೋದವರು ಇದನ್ನೇ ಉಕೆಮಿ ಅನ್ನುತ್ತಾರೆ. ಮೊದಲು ಮ್ಯಾಟ್ ಮೇಲೆ, ಆಮೇಲೆ ತೆಳು ಸ್ಪಂಜಿನ ಮೇಲೆ, ಕೊನೆಗೆ ಮಿಲ್ಲಿನ ನೆಲದ ಮೇಲೆ. ಪ್ಯಾಂಟಿನ ಒಳಗೆ ಮೊಣಕಾಲಿಗೆ ಗಾರ್ಡ್, ಅಂಗಿಯ ಒಳಗೆ ಎದೆಗೆ ಗಾರ್ಡ್. ಎಲ್ಲರಿಗೂ ಅಳತೆಗಿಂತ ದೊಡ್ಡ ಅಂಗಿ ಹಾಕಿಸಿದೆ, ಗಾರ್ಡ್ ಕಾಣಿಸಬಾರದಲ್ವಾ.

ಇನ್ನು ರಿಯಾಕ್ಷನ್. ಮುಖಕ್ಕೆ ಏಟು ಬಿದ್ದಾಗ ಮೊದಲು ಗದ್ದ ತಿರುಗಬೇಕು, ಆಮೇಲೆ ಹೆಗಲು, ಆಮೇಲೆ ಸೊಂಟ, ಕಡೆಗೆ ಕಾಲು. ಎಲ್ಲ ಒಟ್ಟಿಗೆ ತಿರುಗಿದರೆ ಆಸಾಮಿ ತಾನೇ ಹಾರಿದ ಹಾಗೆ ಕಾಣುತ್ತದೆ. ಮುಷ್ಟಿ ಯಾವ ಕಡೆ ಹೋಗುತ್ತದೋ ಗದ್ದವೂ ಆ ಕಡೆಗೇ ಹೋಗಬೇಕು. ಕರಾಟೆ ಹುಡುಗರಿಗೆ ಇಲ್ಲಿ ಒಂದು ತೊಡಕಿದೆ. ಟೂರ್ನಮೆಂಟಿನಲ್ಲಿ ಮುಖದ ಹತ್ತಿರ ಬಂದು ಮುಷ್ಟಿ ನಿಲ್ಲಿಸುವುದನ್ನು ನಾವೇ ಕಲಿಸಿರುತ್ತೇವೆ. ಕ್ಯಾಮೆರಾ ಮುಂದೆ ನಿಲ್ಲಿಸಿದರೆ ಸತ್ತ ಏಟು ಆಗುತ್ತದೆ. ಮುಖದ ಮುಂದೆ ಹಾದು ಆಚೆಗೆ ಹೋಗಬೇಕು. ನೇರ ಪಂಚ್ ಬದಲು ಸ್ವಲ್ಪ ಸುತ್ತಿ ಬರುವ ಪಂಚ್ ಇಟ್ಟರೆ ಕಣ್ಣಿಗೂ ಕಾಣುತ್ತದೆ, ಎದುರಿನವನಿಗೂ ಟೈಮಿಂಗ್ ಸಿಗುತ್ತದೆ.

ಮುಷ್ಟಿಗೂ ಮುಖಕ್ಕೂ ನಡುವೆ ಒಂದು ಗೇಣು ಬಿಡಿಸಿದೆ. ಪಕ್ಕದಿಂದ ನೋಡಿದರೆ ಆ ಗೇಣು ಎದ್ದು ಕಾಣುತ್ತದೆ. ಇಬ್ಬರಲ್ಲಿ ಒಬ್ಬನ ಹೆಗಲ ಹಿಂದೆ ಕ್ಯಾಮೆರಾ ಇಟ್ಟರೆ ಮುಷ್ಟಿ, ಮುಖ ಎರಡೂ ಒಂದೇ ಗೆರೆಗೆ ಬಂದು ಅಂತರ ಮಾಯ. ದೂರ ನಿಂತು, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿನಲ್ಲಿ ತೆಗೆದರೆ ಇನ್ನೂ ಒಳ್ಳೆಯದು, ಹಿಂದಿನದು ಮುಂದಿನದಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ. ಹೊಟ್ಟೆಗೆ, ಎದೆಗೆ ಒದೆಯುವಾಗ ಮಾತ್ರ ಗಾರ್ಡ್ ಮೇಲೆ ಹಗುರವಾಗಿ ಮುಟ್ಟಿಸಿದೆವು. ಆ ಜಾಗಕ್ಕೆ ಟಾಲ್ಕಂ ಪೌಡರ್ ಹಚ್ಚಿದರೆ ಒದೆತಕ್ಕೆ ಧೂಳು ಚಿಮ್ಮುತ್ತದೆ. ಪಕ್ಕದಿಂದ ಸೂರ್ಯನ ಬೆಳಕು ಬೀಳುತ್ತಿದ್ದರೆ ಅದರ ಅಂದವೇ ಬೇರೆ.

ಶೂಟಿಂಗಿಗೆ ಮುಂಚೆ ಇಡೀ ಫೈಟನ್ನು ಕ್ಲಾಸಿನಲ್ಲೇ ಮೊಬೈಲಿನಲ್ಲಿ ತೆಗೆದು ಎಡಿಟ್ ಮಾಡಿ ನೋಡಿದೆವು. ನಿರ್ದೇಶಕ ಗ್ಯಾರೆತ್ ಇವಾನ್ಸ್ ಇಂಡೋನೇಷ್ಯಾದಲ್ಲಿ ‘ದಿ ರೇಡ್’ ಸಿನಿಮಾ ಮಾಡುವಾಗ ಅದರ ನಟರಾದ ಇಕೋ ಉವೈಸ್, ಯಾಯನ್ ರುಹಿಯಾನ್ ಜೊತೆ ಹೀಗೇ ಫೈಟುಗಳನ್ನು ಮೊದಲೇ ವಿಡಿಯೋ ಮಾಡಿಕೊಂಡಿದ್ದರು. ದುಡ್ಡು ಇಲ್ಲದವರಿಗೆ ಇದಕ್ಕಿಂತ ದೊಡ್ಡ ಉಪಾಯ ಇಲ್ಲ. ಯಾವ ಶಾಟ್ ಬೇಡ ಅನ್ನುವುದು ಕ್ಲಾಸಿನಲ್ಲೇ ತಿಳಿದುಬಿಡುತ್ತದೆ. ಲೊಕೇಶನ್ನಿನಲ್ಲಿ ಇಡೀ ಫೈಟನ್ನು ನಾಲ್ಕು ಕಡೆಯಿಂದ ತೆಗೆಯುವ ಗೋಜಿಗೆ ನಾವು ಹೋಗಲಿಲ್ಲ. ಹಾಂಗ್‌ಕಾಂಗ್‌ನವರ ಹಾಗೆ ಒಂದೊಂದು ತುಣುಕಿಗೆ ಒಂದೇ ಕಡೆ ಕ್ಯಾಮೆರಾ, ಮೂರು ನಾಲ್ಕು ಏಟು, ಕಟ್. ಹುಡುಗರಿಗೆ ಸುಸ್ತು ಕಡಿಮೆ. ಸುಸ್ತಾದಾಗಲೇ ನಿಜವಾದ ಏಟು ಬೀಳುವುದು. ಹೇಗೂ ಸೌಂಡ್ ಆಮೇಲೆ ಹಾಕುವುದರಿಂದ ಟೇಕ್ ನಡೆಯುವಾಗ ನಾನು ಜೋರಾಗಿ "ಒಂದು, ಎರಡು, ತಿರುಗು, ಬೀಳು" ಅಂತ ಕೂಗುತ್ತಲೇ ಇದ್ದೆ.

ಎತ್ತರದಿಂದ ಹಾರುವುದು, ನೀರು, ಬೆಂಕಿ, ನಿಜವಾದ ಗಾಜು, ಇವು ಬೇಡವೇ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಶೂಟಿಂಗ್ ವೇಳೆ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ತೀರಿಕೊಂಡರು. ಲೈಫ್ ಜಾಕೆಟ್ ಇರಲಿಲ್ಲ. ಅದು ದೊಡ್ಡ ಸಿನಿಮಾದಲ್ಲಿ ಆಗಿದ್ದು. ನಮ್ಮಂಥವರ ಹತ್ತಿರ ಆಂಬುಲೆನ್ಸ್ ಕೂಡ ಇರುವುದಿಲ್ಲ. ಒಬ್ಬ ತಾಯಿ ನಂಬಿ ಕಳಿಸಿದ ಹುಡುಗನನ್ನು ಒಂದು ಶಾಟಿಗಾಗಿ ಮೇಲಿಂದ ಹಾರು ಅನ್ನುವ ಹಕ್ಕು ನನಗಿಲ್ಲ.

ಎಡಿಟಿಂಗಿನಲ್ಲಿ ಕೈ ಚಳಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಏಟು ತಾಗುವ ಜಾಗದಲ್ಲಿ ಕಟ್ ಮಾಡಿ, ಮುಂದಿನ ಶಾಟನ್ನು ಎರಡು ಮೂರು ಫ್ರೇಮ್ (ವಿಡಿಯೋದ ಒಂದೊಂದು ಬಿಡಿ ಚಿತ್ರ) ಹಿಂದಿನಿಂದ ಶುರು ಮಾಡಿದರೆ ಏಟಿಗೆ ತೂಕ ಬರುತ್ತದೆ. ಹಿಂದೆ ಫಿಲಂನಲ್ಲಿ ಸೆಕೆಂಡಿಗೆ 22 ಫ್ರೇಮಿಗೆ ತೆಗೆದು 24ಕ್ಕೆ ಓಡಿಸುತ್ತಿದ್ದರು, ವೇಗ ಸುಮಾರು ಶೇಕಡಾ 9 ಹೆಚ್ಚುತ್ತಿತ್ತು. ನಾವು ಎಡಿಟ್ ಮಾಡುವಾಗ ಅಷ್ಟೇ ಹೆಚ್ಚಿಸಿದೆವು, ಅದೂ ಕೆಲವು ಶಾಟ್‌ಗಳಿಗೆ ಮಾತ್ರ. ಅದಕ್ಕಿಂತ ಜಾಸ್ತಿ ಆದರೆ ನಡಿಗೆಯೇ ಕೃತಕ ಅನ್ನಿಸುತ್ತದೆ.

ಸೌಂಡಿಗೆ ನಮ್ಮ ಮನೆಯ ಕೋಣೆಯೇ ಸ್ಟುಡಿಯೋ ಆಯಿತು. ಒದ್ದೆ ಟವೆಲನ್ನು ದಿಂಬಿಗೆ ಬಡಿದರೆ ಹೊಟ್ಟೆಗೆ ಬಿದ್ದ ಒದೆತ. ಬೆತ್ತ ಬೀಸಿದರೆ ಗಾಳಿ ಸೀಳುವ ಸದ್ದು. ಗಟ್ಟಿ ಎಲೆಕೋಸನ್ನು ಮುರಿದರೆ ಮೂಳೆ. ಬೀಳುವ ಸದ್ದನ್ನು ಮಾತ್ರ ಮಿಲ್ಲಿನಲ್ಲೇ ರೆಕಾರ್ಡ್ ಮಾಡಿಕೊಂಡಿದ್ದೆವು, ಆ ಗೋಡೆಗಳ ಪ್ರತಿಧ್ವನಿ ಬೇರೆಲ್ಲೂ ಸಿಗುವುದಿಲ್ಲ. ಮಿಕ್ಸ್ ಆದ ಮೇಲೆ ಒಮ್ಮೆ ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ನೋಡಿ. ಹೆಚ್ಚಿನವರು ನೋಡುವುದು ಅದರಲ್ಲೇ. ಹೆಡ್‌ಫೋನಿನಲ್ಲಿ ಧಡ್ ಅನ್ನುವ ಒದೆತ ಅಲ್ಲಿ ಕೇಳಿಸುವುದೇ ಇಲ್ಲ. ಅದರ ಜೊತೆಗೆ ಚಟ್ ಅನ್ನುವ ಸಣ್ಣ ಸದ್ದೊಂದನ್ನು ಸೇರಿಸಿ.