ನಾಯಿ ಕೂದಲಿಗೆ ವೆರಾಂಡದ ಡ್ರಮ್ ವ್ಯಾಕ್ಯೂಮ್: ನನ್ನ ಅನುಭವ

ಈಗ ನಮ್ಮ ಮನೆ ಸೋಫಾ ಮೇಲೆ ಕಪ್ಪು ಪ್ಯಾಂಟ್ ಹಾಕಿಕೊಂಡು ಕೂರಬಹುದು. ಡ್ರಮ್ ವ್ಯಾಕ್ಯೂಮನ್ನು ವೆರಾಂಡದಲ್ಲಿಟ್ಟು, ಉದ್ದ ಪೈಪು ಮಾತ್ರ ಒಳಗೆ ತಂದು ಕೂದಲು ಎಳೆಯುತ್ತೇನೆ. ನಾಯಿ ಸಾಕಿದವರಿಗೆ ಈ ಮಾತಿನ ಬೆಲೆ ಗೊತ್ತು, ಬೇರೆಯವರಿಗೆ ಬಿಡಿ. "ಇದೆಲ್ಲಾ ಆಗೋ ಮಾತಲ್ಲ, ಸುಮ್ನೆ ದುಡ್ಡು ಹಾಳು" ಎಂದು ಹೇಳಿದವರೇ ಈಗ ಫೋನ್ ಮಾಡಿ ಯಾವ ಪೈಪು, ಎಷ್ಟು ಉದ್ದ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯಿತು. ಅದಕ್ಕೇ ಬರೆದೇ ಬಿಡೋಣ ಅನಿಸಿತು.

ನಾವಿರುವುದು ಮೈಸೂರಿನಲ್ಲಿ. ನಮ್ಮದೇ ಒಂದು ಲ್ಯಾಬ್ರಡಾರ್, ಬೀದಿಯಿಂದ ಬಂದು ಉಳಿದುಕೊಂಡ ಕರಿಯ, ಜೊತೆಗೆ ಒಂದು ಪರ್ಷಿಯನ್ ಬೆಕ್ಕು. ಇದರ ಮೇಲೆ ಊರಿಗೆ ಹೋಗುವವರ ನಾಯಿಗಳನ್ನೂ ಇಟ್ಟುಕೊಳ್ಳುತ್ತೇನೆ. ದಸರಾ ರಜೆ ಬಂತೆಂದರೆ ಒಟ್ಟಿಗೆ ನಾಲ್ಕೈದು ಅತಿಥಿಗಳು. ಕಳೆದ ಸಲ ಎರಡು ಹಸ್ಕಿ, ಒಂದು ಗೋಲ್ಡನ್, ಒಂದು ಪಗ್. ಪಗ್ ಚಿಕ್ಕದು, ಕೂದಲು ಕಮ್ಮಿ ಅಂದುಕೊಳ್ಳುವವರು ಒಂದು ವಾರ ಇಟ್ಟುಕೊಂಡು ನೋಡಿ. ಹಾಲ್‌ನಲ್ಲಿ ಹಳೇ ರೆಡ್ ಆಕ್ಸೈಡ್ ನೆಲ, ರೂಮುಗಳಲ್ಲಿ ಟೈಲ್ಸ್. ಚಳಿ ದೇಶಗಳಲ್ಲಿ ಈ ದಪ್ಪ ಕೂದಲಿನ ತಳಿಗಳಿಗೆ ಹವೆಯೂ ಹಗಲಿನ ಬೆಳಕೂ ಬದಲಾಗುವಾಗ, ವರ್ಷಕ್ಕೆ ಎರಡು ಸಲ ಜೋರಾಗಿ ಉದುರುತ್ತದೆ. ನಮ್ಮ ಕಡೆ ಚಳಿಗೂ ಬೇಸಿಗೆಗೂ ಅಂಥ ವ್ಯತ್ಯಾಸ ಇಲ್ಲ, ಮನೆಯೊಳಗೆ ರಾತ್ರಿ ಹತ್ತರವರೆಗೂ ಲೈಟು. ಹಾಗಾಗಿ ವರ್ಷವಿಡೀ ಉದುರುತ್ತದೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳಿಬಿಡುತ್ತೇನೆ.

ಮೊದಲನೆಯದು ಸಾಧಾರಣ ಕ್ಯಾನಿಸ್ಟರ್, ಅಂದರೆ ನೆಲದ ಮೇಲೆ ಎಳೆದುಕೊಂಡು ಹೋಗುವ ವ್ಯಾಕ್ಯೂಮ್, ಆರೂವರೆ ಸಾವಿರದ ಆಸುಪಾಸು. ಡಬ್ಬದ ಮೇಲೆ ದೊಡ್ಡದಾಗಿ ವ್ಯಾಟ್ ಬರೆದಿತ್ತು. ವ್ಯಾಟ್ ಅಂದರೆ ಅದು ತಿನ್ನುವ ಕರೆಂಟು ಅಷ್ಟೇ, ಎಳೆಯುವ ಶಕ್ತಿ ಅಲ್ಲ. ಒಳಗಿದ್ದದ್ದು ಬಟ್ಟೆ ಚೀಲ. ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಸಿಮೆಂಟ್ ಧೂಳು ಮತ್ತು ಲ್ಯಾಬ್ ಕೂದಲು ಸೇರಿ ಚೀಲದ ಒಳಗೆ ಒಂದು ಪದರ ಕಟ್ಟಿತು. ಅದಾದ ಮೇಲೆ ಸದ್ದು ಮಾತ್ರ, ಎಳೆತ ಇಲ್ಲ. ಚೀಲ ಒಗೆದು ಒಣಗಿಸಿ ಹಾಕಿದರೆ ಎರಡು ದಿನ ಚೆನ್ನಾಗಿರುತ್ತಿತ್ತು, ಮತ್ತೆ ಅದೇ ಕತೆ. ಪೈಪು ಕಟ್ಟಿಕೊಂಡರೆ ಮೋಟಾರು ಬಿಸಿಯಾಗಿ ತಾನೇ ಆಫ್ ಆಗುತ್ತಿತ್ತು.

ಎರಡನೆಯದು ಕೋಲಿನ ಹಾಗೆ ಕೈಯಲ್ಲಿ ಹಿಡಿಯುವ ಬ್ಯಾಟರಿ ಸ್ಟಿಕ್ ವ್ಯಾಕ್ಯೂಮ್. ಆಫರ್‌ನಲ್ಲಿ ಇಪ್ಪತ್ತಮೂರು ಸಾವಿರ. ನೋಡೋಕೆ ಚೆಂದ, ಗೋಡೆಗೆ ನೇತುಹಾಕಬಹುದು. ಜಾಹೀರಾತಿನಲ್ಲಿ ನಲವತ್ತು ನಿಮಿಷ ಓಡುತ್ತದೆ. ಅದು ಕಮ್ಮಿ ಸ್ಪೀಡಿನಲ್ಲಿ. ನಾಯಿ ಮನೆಗೆ ಬೇಕಾದ ಮ್ಯಾಕ್ಸ್‌ನಲ್ಲಿ ಎಂಟು ನಿಮಿಷ ಓಡಿದರೆ ಹೆಚ್ಚು. ಹಾಲ್ ಮುಗಿಯುವಷ್ಟರಲ್ಲಿ ಚಾರ್ಜಿಗೆ. ಅದಕ್ಕಿಂತ ತಲೆನೋವು ತಿರುಗುವ ಬ್ರಷ್. ಬಿರುಸು ಎಳೆಗಳ ಬ್ರಷ್ ಕಾರ್ಪೆಟ್‌ಗೆ ಮಾಡಿದ್ದು. ನಮ್ಮ ಟೈಲ್ಸ್ ಮೇಲೆ ಅದು ಅರ್ಧ ಕೂದಲನ್ನು ಹಿಂದಕ್ಕೆ ನಿಮ್ಮ ಕಾಲಿಗೇ ಎಸೆಯುತ್ತದೆ, ಉಳಿದದ್ದನ್ನು ತನಗೇ ಸುತ್ತಿಕೊಳ್ಳುತ್ತದೆ. ಟೈಲರ್‌ಗಳು ಹೊಲಿಗೆ ಬಿಚ್ಚಲು ಬಳಸುವ ಸಣ್ಣ ಕಡ್ಡಿ ಇದೆಯಲ್ಲ, ಅದರಲ್ಲಿ ಕೊಯ್ದು ತೆಗೆಯುವುದೇ ಒಂದು ಕೆಲಸ. ಮೆತ್ತನೆ ಬಟ್ಟೆಯ ರೋಲರ್ ಇರುವುದನ್ನು ತಗೊಂಡಿದ್ದರೆ ಟೈಲ್ಸ್‌ಗೆ ಪರವಾಗಿರಲಿಲ್ಲ, ಇದು ನಿಜ. ಆದರೆ ಎರಡು ವರ್ಷ ಆಗುವಷ್ಟರಲ್ಲಿ ಬ್ಯಾಟರಿ ಕೂತಿತು. ಹೊಸದಕ್ಕೆ ಆರು ಸಾವಿರ ಎಂದರು. ಅಲ್ಲಿಗೆ ಬಿಟ್ಟೆ.

ಮೂರನೆಯದು ತಾನೇ ಓಡಾಡಿ ಕಸ ಎಳೆಯುವ ರೋಬೋ. ಮೈದುನ ಹಟ ಹಿಡಿದು ಕೊಡಿಸಿದ್ದು, ಇಪ್ಪತ್ತೆಂಟು ಸಾವಿರ. ಬರೀ ನಮ್ಮ ಮೂರು ಪ್ರಾಣಿಗಳಿದ್ದಾಗ ಕೆಲಸ ಚೆನ್ನಾಗಿಯೇ ಮಾಡಿತು, ಸುಳ್ಳು ಹೇಳಬಾರದು. ಆದರೆ ಅದರ ಕಸದ ಪೆಟ್ಟಿಗೆ ಅರ್ಧ ಲೀಟರೂ ಇಲ್ಲ. ಹಸ್ಕಿಯ ಒಳಗೂದಲು ಹತ್ತಿಯ ಹಾಗೆ ಉಬ್ಬುತ್ತದೆ, ಒಂದೇ ರೂಮಿಗೆ ಪೆಟ್ಟಿಗೆ ತುಂಬಿತು. ಕೊನೆಗೆ ಒಂದು ಬೆಳಿಗ್ಗೆ ಬೋರ್ಡಿಂಗ್‌ಗೆ ಬಂದಿದ್ದ ಮರಿ ಹಾಲ್‌ನಲ್ಲಿ ಮಾಡಬಾರದ್ದು ಮಾಡಿತು. ಐದೂವರೆಗೆ ಟೈಮ್ ಇಟ್ಟಿದ್ದ ರೋಬೋ ಎದ್ದು, ಅದನ್ನು ಹಾಲ್, ಅಡುಗೆಮನೆ, ದೇವರ ಮನೆ ಬಾಗಿಲವರೆಗೂ ಸಮನಾಗಿ ಹಚ್ಚಿತು. ಅತ್ತೆ ಅವತ್ತು ಕಾಫಿ ಕೂಡ ಕುಡಿಯಲಿಲ್ಲ. ಒಂಬತ್ತು ಸಾವಿರಕ್ಕೆ ಮಾರಿದೆ. ಕೊಂಡವರ ಮನೆಯಲ್ಲಿ ನಾಯಿ ಇಲ್ಲ, ಈಗಲೂ ಚೆನ್ನಾಗಿ ಓಡುತ್ತಿದೆಯಂತೆ.

ಒಟ್ಟು ಐವತ್ತೇಳು ಸಾವಿರದ ಹತ್ತಿರ ಹೋಯಿತು, ವಾಪಸ್ ಬಂದದ್ದು ಒಂಬತ್ತು. ಆ ದುಡ್ಡಲ್ಲಿ ಒಂದು ಒಳ್ಳೇ ಹಳೇ ಸ್ಕೂಟರ್ ಬರುತ್ತಿತ್ತು ಎಂದು ನಮ್ಮ ಮನೆಯವರು ಇವತ್ತಿಗೂ ಹೇಳುತ್ತಾರೆ.

ಹೊಸ ಯೋಚನೆ ಬಂದದ್ದು ಮರಗೆಲಸದ ಅಂಗಡಿಯಲ್ಲಿ. ಕಪಾಟು ಮಾಡಿಸಲು ಹೋಗಿದ್ದೆ. ಅಲ್ಲಿ ಡ್ರಮ್ ವ್ಯಾಕ್ಯೂಮ್‌ಗೆ ಮೊದಲು ಒಂದು ಕೋನ್ ಆಕಾರದ ಪ್ಲಾಸ್ಟಿಕ್ ಸೈಕ್ಲೋನ್ ಸಿಕ್ಕಿಸಿದ್ದರು. ಹೊಟ್ಟು ಸುತ್ತಿ ಸುತ್ತಿ ಕೆಳಗಿನ ಬಕೆಟ್‌ಗೆ ಬೀಳುತ್ತಿತ್ತು, ಮೆಷಿನ್ ಒಳಗೆ ಬರೀ ಗಾಳಿ. ಡೈಸನ್ ಕಂಪನಿಯ ಜೇಮ್ಸ್ ಡೈಸನ್ ಕೂಡ ಹೊಟ್ಟು ಬೇರೆ ಮಾಡುವ ಇಂಥದ್ದೇ ದೊಡ್ಡ ಸೈಕ್ಲೋನ್ ನೋಡಿ ಶುರು ಮಾಡಿದ್ದು. ಚೀಲ ಇಲ್ಲದ ವ್ಯಾಕ್ಯೂಮ್ ಸರಿಹೋಗುವಷ್ಟರಲ್ಲಿ 5,127 ಮಾದರಿ ಮಾಡಿದ್ದರಂತೆ. ಅವರ ಕಂಪನಿಯ ಮೊದಲ ವ್ಯಾಕ್ಯೂಮ್ ಡಿಸಿ01 ಬಂದದ್ದು 1993ರಲ್ಲಿ. ಅಷ್ಟು ಸಹನೆ ನನಗಿಲ್ಲ. ಕೋನ್ ಆನ್‌ಲೈನ್‌ನಲ್ಲಿ ಸಾವಿರದ ಇನ್ನೂರಕ್ಕೆ ಸಿಕ್ಕಿತು.

ಡ್ರಮ್ ಮೆಷಿನ್ ಇಪ್ಪತ್ತು ಲೀಟರಿನದು, 1400 ವ್ಯಾಟ್, ಆರು ಸಾವಿರ ಚಿಲ್ಲರೆ. ಒಣ ಕಸ, ನೀರು ಎರಡನ್ನೂ ಎಳೆಯುತ್ತದೆ. ಇಂಥ ಮೆಷಿನ್‌ಗಳಲ್ಲಿ ಹೆಚ್ಚಿನವುಗಳಿಗೆ ಮೋಟಾರು ತಣ್ಣಗಾಗಲು ಬೇರೆ ಗಾಳಿ ದಾರಿ ಇರುತ್ತದೆ. ಪೈಪು ಕಟ್ಟಿದರೂ ಬೇಗ ಸುಡುವುದಿಲ್ಲ. ನನಗೆ ಬೇಕಿದ್ದದ್ದು ಇದೇ. ಕೂದಲು ಹಗುರ, ಅದನ್ನು ಎತ್ತಲು ಬೇಕಾದ್ದು ಜಾಸ್ತಿ ಗಾಳಿ. ಕಂಪನಿಯವರು ದೊಡ್ಡದಾಗಿ ಬರೆಯುವ ಕಿಲೋಪಾಸ್ಕಲ್ (ಎಳೆತದ ಒತ್ತಡದ ಅಳತೆ) ನೋಡಿ ಮರುಳಾಗಬೇಡಿ. ತೂತು ಪೂರ್ತಿ ಮುಚ್ಚಿದಾಗ ಬರುವ ಅಂಕಿ ಅದು.

ಮೆಷಿನ್ ಮನೆಯೊಳಗೆ ಆನ್ ಮಾಡಿದರೆ ಜೀವ ಹೋಗುವ ಸದ್ದು. ಕರಿಯ ಮಂಚದ ಕೆಳಗೆ, ಬೆಕ್ಕು ಬೀರು ಮೇಲೆ. ಇನ್ನೊಂದು ತೊಂದರೆ ಮಾವನವರದು. ಅವರಿಗೆ ಉಬ್ಬಸ. ಬೆಕ್ಕಿನ ಅಲರ್ಜಿ ಕೂದಲಿನಿಂದಲೇ ಅಂತ ಎಲ್ಲರೂ ಹೇಳುತ್ತಾರೆ. ಅಸಲಿಗೆ ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರುವ ಫೆಲ್ ಡಿ 1 ಎಂಬ ಪ್ರೊಟೀನು ಅದಕ್ಕೆ ಕಾರಣ. ಒಣಗಿದ ಮೇಲೆ ತೀರಾ ಸಣ್ಣ ಪುಡಿಯಾಗಿ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಸಾದಾ ಫಿಲ್ಟರಿನ ಮೆಷಿನ್ ಇದನ್ನು ಒಂದು ಕಡೆಯಿಂದ ಎಳೆದು ಇನ್ನೊಂದು ಕಡೆಯಿಂದ ರೂಮಿಗೆ ಊದುತ್ತದೆ. ತೀರಾ ಸಣ್ಣ ಕಣಗಳನ್ನೂ ತಡೆಯುವ ಹೆಪಾ ಫಿಲ್ಟರ್, ಅದೂ ಎಚ್13 ದರ್ಜೆಯದು ಹಾಕಿದರೆ 99.95% ಹಿಡಿಯುತ್ತದೆ. ಆದರೆ ಡ್ರಮ್‌ಗೆ ಹೊಂದುವ ಹೆಪಾ ನನಗೆ ಸಿಗಲೇ ಇಲ್ಲ.

ಹಾಗಿದ್ದರೆ ಮೆಷಿನ್ನೇ ಹೊರಗಿರಲಿ ಅಂದೆ. ಡ್ರಮ್, ಕೋನ್, ಬಕೆಟ್ ಮೂರೂ ಹಿಂದಿನ ವೆರಾಂಡದಲ್ಲಿ. ಕಿಟಕಿಯಿಂದ ಪೈಪು ಮಾತ್ರ ಒಳಗೆ. ಸದ್ದು ಹೊರಗೆ, ಊದುವ ಗಾಳಿಯೂ ಹೊರಗೆ. ಎಲ್ಲರೂ ನಕ್ಕರು. ಒಂಬತ್ತು ಮೀಟರ್ ಪೈಪಿನ ತುದಿಯಲ್ಲಿ ಎಳೆತ ಎಲ್ಲಿಂದ ಬರುತ್ತೆ ಎಂದು ಮೈದುನ ಕೇಳಿದ. ಅವನು ಎಂಜಿನಿಯರು, ರೋಬೋ ಕೊಡಿಸಿದವನೂ ಅವನೇ. ಮೆಷಿನ್ ಜೊತೆ ಬಂದ ಅಗಲ ಕಮ್ಮಿ ಇರುವ ಪೈಪನ್ನೇ ಉದ್ದ ಮಾಡಿದಾಗ ಅವನ ಮಾತು ನಿಜವಾಯಿತು. ತುದಿಯಲ್ಲಿ ಒಂದು ಬಿಸ್ಕತ್ತಿನ ಚೂರೂ ಏಳಲಿಲ್ಲ. ಸಂತೆಪೇಟೆ ಕಡೆ ಹುಡುಕಿ ಅಗಲದ ಪೈಪು ತಂದೆ, ಒಳಗೆ 38 ಮಿಲಿಮೀಟರ್ ಇರಬೇಕು, ಒಳಮೈ ನುಣುಪಾದದ್ದು. ಹದಿನೆಂಟು ನೂರು ಬಿತ್ತು. ಅಗಲ ಸ್ವಲ್ಪ ಜಾಸ್ತಿಯಾದರೆ ಎಳೆತದಲ್ಲಿ ಎಷ್ಟು ವ್ಯತ್ಯಾಸ ಎಂದು ಕೈಯಿಟ್ಟು ನೋಡಿಯೇ ನಂಬಬೇಕು. ಜಾಯಿಂಟ್‌ಗಳಿಗೆ ಹಳೇ ಸೈಕಲ್ ಟ್ಯೂಬ್ ಕೊಯ್ದು ಬಿಗಿದಿದ್ದೇನೆ. ಸೆಲೋಟೇಪ್ ಎರಡು ದಿನಕ್ಕೆ ಬಿಟ್ಟುಕೊಳ್ಳುತ್ತದೆ.

ಬಕೆಟ್ ವಿಷಯ. ಮನೆಗೆ ಬಣ್ಣ ಹೊಡೆಸಿದಾಗ ಉಳಿದ ಇಪ್ಪತ್ತು ಲೀಟರ್ ಪೇಂಟ್ ಡಬ್ಬ ಇಟ್ಟಿದ್ದೆ. ಒಂದು ಕಾಲುಚೀಲ ಪೈಪಿಗೆ ಸಿಕ್ಕಿಹಾಕಿಕೊಂಡಿತು ನೋಡಿ, ಡಬ್ಬ ಢಬ್ ಎಂದು ಒಳಗೆ ಮುದುಡಿಕೊಂಡಿತು. ಪಕ್ಕದ ಮನೆಯವರು ಪಟಾಕಿ ಅಂದುಕೊಂಡರು. ಈಗ ಒಂದರೊಳಗೊಂದು ಎರಡು ಡಬ್ಬ. ಜೊತೆಗೆ ಮುಚ್ಚಳದಲ್ಲಿ ಇನ್ನೊಂದು ಸಣ್ಣ ಏರ್ಪಾಡು ಮಾಡಿದ್ದೇನೆ, ಪೈಪು ಕಟ್ಟಿದರೆ ಅಲ್ಲಿಂದ ಗಾಳಿ ಬರುವ ಹಾಗೆ. ಅದನ್ನು ಬರೆದು ತಿಳಿಸುವುದು ಕಷ್ಟ, ಬಂದರೆ ತೋರಿಸುತ್ತೇನೆ.

ಕರೆಂಟಿನ ಬಗ್ಗೆ ಒಂದು ಮಾತು. 1400 ವ್ಯಾಟ್ ಅಂದರೆ 6 ಆಂಪ್ಸ್ ಹತ್ತಿರ. ವೆರಾಂಡದ ಸಣ್ಣ ಸಾಕೆಟ್ ಕೈ ಇಟ್ಟರೆ ಸುಡುತ್ತಿತ್ತು, ಪ್ಲಗ್ಗಿನ ಬುಡ ಕರಗಿತ್ತು. 16 ಆಂಪ್ಸ್ ಪಾಯಿಂಟ್ ಹಾಕಿಸಿದೆ, ಸಾಮಾನು ಕೂಲಿ ಸೇರಿ ಏಳುನೂರೋ ಎಂಟುನೂರೋ. ಕರೆಂಟು ಹೋದಾಗ ಮನೆ ಇನ್ವರ್ಟರ್ ಮೇಲೆ ಓಡಿಸಲು ಹೋಗಬೇಡಿ.

ನೆಲಕ್ಕೆ ಇಡುವ ಬಾಯಿಯೂ ಮುಖ್ಯ. ಸುತ್ತ ಕುಚ್ಚಿರುವ ಬಾಯಿ ಕೂದಲನ್ನು ಒಳಗೆ ಬಿಡುವುದೇ ಇಲ್ಲ, ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಮುಂದಿನ ಸಾಲಿನ ಕುಚ್ಚು ನಾನು ಬ್ಲೇಡಿನಲ್ಲಿ ಕಿತ್ತುಹಾಕಿದೆ. ಅದರ ಜಾಗಕ್ಕೆ ಏನು ಅಂಟಿಸಿದ್ದೇನೆ ಅನ್ನೋದು ನನ್ನ ಗುಟ್ಟು, ಇರಲಿ. ಪೊರಕೆ ಮಾತ್ರ ಮೊದಲು ಆಡಿಸಬಾರದು, ಕೂದಲೆಲ್ಲ ಎದ್ದು ಫ್ಯಾನಿನ ರೆಕ್ಕೆಗೆ ಹೋಗುತ್ತದೆ. ನಮ್ಮಲ್ಲಿ ಕೆಲಸಕ್ಕೆ ಬರುವ ಅಕ್ಕನಿಗೆ ಇದನ್ನು ಒಪ್ಪಿಸಲು ತಿಂಗಳೇ ಹಿಡಿಯಿತು. ಗುಡಿಸದೆ ಒರೆಸೋದು ಹೇಗಮ್ಮ ಎನ್ನುತ್ತಿದ್ದರು. ಈಗ ಮಾಪ್‌ನಲ್ಲಿ ಕೂದಲಿನ ಹಗ್ಗ ಸಿಗುವುದಿಲ್ಲ ಅಂತ ಅವರೇ ಪೈಪು ಹಿಡಿಯುತ್ತಾರೆ.

ಸೋಫಾಗೆ ಬರೀ ಎಳೆತ ಸಾಲದು. ಲ್ಯಾಬ್ ಕೂದಲು ಗಿಡ್ಡ, ಗಟ್ಟಿ, ಬಟ್ಟೆಗೆ ಚುಚ್ಚಿಕೊಂಡು ನಿಲ್ಲುತ್ತದೆ. ಬೆಕ್ಕಿನದು ನೂಲಿನ ಮಧ್ಯೆ ಹೆಣೆದುಕೊಳ್ಳುತ್ತದೆ. ಗಾಳಿಯಿಂದ ತಿರುಗುವ ಟರ್ಬೋ ಬ್ರಷ್ ಒಂಬತ್ತು ನೂರು ಕೊಟ್ಟು ತಂದೆ. ಉದ್ದ ಪೈಪಿನ ತುದಿಯಲ್ಲಿ ಅದು ಸುಸ್ತಾಗಿ ತಿರುಗುತ್ತದೆ, ಕೈ ಇಟ್ಟರೆ ನಿಂತೇ ಹೋಗುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಸ್ವಲ್ಪ ಒದ್ದೆ ಮಾಡಿ ಒಂದೇ ದಿಕ್ಕಿಗೆ ಉಜ್ಜಿದರೆ ಕೂದಲು ಸುರುಳಿಯಾಗಿ ಎದ್ದು ಬರುತ್ತದೆ, ಆಮೇಲೆ ಪೈಪು ಹಿಡಿದರೆ ಸಾಕು. ಎಪ್ಪತ್ತು ರೂಪಾಯಿ ಕೆಲಸ. ಕಾರಿನ ಮ್ಯಾಟಿಗೂ ಇದೇ.

ಇನ್ನೊಂದು ಪ್ರಯೋಗ ಮಾಡಿದೆ. ಡ್ರಮ್ ಮೆಷಿನ್‌ಗೆ ಹಿಂದೆ ಊದುವ ಬಾಯಿ ಇರುತ್ತದೆ. ಗ್ರೂಮಿಂಗ್‌ನವರು ನಾಯಿ ಒಣಗಿಸಲು ಜೋರು ಗಾಳಿಯ ಡ್ರೈಯರ್ ಬಳಸುತ್ತಾರಲ್ಲ, ಅದೇ ಲೆಕ್ಕ. ಫಿಲ್ಟರ್ ತೊಳೆದು, ಪೈಪು ಒಳಗೆ ಒರೆಸಿ, ಟೆರೇಸ್ ಮೇಲೆ ಗೋಲ್ಡನ್‌ಗೆ ಊದಿದೆ. ಮುಖ, ಕಿವಿ ಬಿಟ್ಟು ಮೈಗೆ ಮಾತ್ರ. ಸಡಿಲ ಕೂದಲೆಲ್ಲ ಮೋಡವಾಗಿ ಎದ್ದಿತು. ಮನೆಯೊಳಗೆ ವಾರವಿಡೀ ಉದುರಬೇಕಾದದ್ದು ಹದಿನೈದು ನಿಮಿಷದಲ್ಲಿ ಹೋಯಿತು. ಆದರೆ ಹೋದದ್ದು ಪಕ್ಕದ ಮನೆ ಆಂಟಿ ಒಣಹಾಕಿದ್ದ ಬೆಡ್‌ಶೀಟುಗಳ ಮೇಲೆ. ಅವನ್ನು ನಾನೇ ಒಗೆದು ಕೊಟ್ಟೆ, ಒಂದು ಡಬ್ಬಿ ಚಕ್ಕುಲಿಯನ್ನೂ ಕೊಟ್ಟೆ. ಈಗ ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿಕೊಂಡೇ ಮೇಲೆ ಹತ್ತುತ್ತೇನೆ. ಸದ್ದಿಗೆ ಹೆದರುವ ನಾಯಿಗೆ ಇದು ಬೇಡವೇ ಬೇಡ. ಕರಿಯನಿಗೆ ಮೆಷಿನ್ ಆಫ್ ಇದ್ದಾಗ ಪಕ್ಕದಲ್ಲೇ ಊಟ ಹಾಕಿ, ಆಮೇಲೆ ದೂರದಲ್ಲಿ ಆನ್ ಮಾಡಿ ರೂಢಿ ಮಾಡಿಸಿದೆ. ಆದರೂ ಊದಿಸಿಕೊಳ್ಳಲು ಒಪ್ಪಿಲ್ಲ.

ಚಳಿಗಾಲದ ಒಣ ಹವೆಯಲ್ಲಿ ಡಬ್ಬದ ಒಳಮೈಗೆ ಬೆಕ್ಕಿನ ಕೂದಲು ಅಂಟಿಕೊಂಡು ಕೋನಿನ ಬಾಯಿ ಮುಚ್ಚುತ್ತಿತ್ತು. ಬಟ್ಟೆಗೆ ಹಾಕುವ ಕಂಡಿಷನರ್ ನಾಲ್ಕು ಹನಿ ನೀರಿಗೆ ಬೆರೆಸಿ ಒಳಗೆ ಒರೆಸಿ ಒಣಗಿಸಿದರೆ ಎರಡು ವಾರ ತೊಂದರೆ ಇಲ್ಲ. ಮೆಷಿನ್ ಒಳಗಿನ ಫಿಲ್ಟರ್ ಮೊದಲು ದಿನಾ ಕೊಡವಬೇಕಿತ್ತು, ಈಗ ತಿಂಗಳಿಗೊಮ್ಮೆ ಕೊಡವಿದರೆ ಆಯಿತು. ಡಬ್ಬ ಮಾತ್ರ ಮೂರು ದಿನಕ್ಕೊಮ್ಮೆ ತುಂಬುತ್ತದೆ, ದಸರಾದಲ್ಲಿ ದಿನಾ. ಮಾವನವರು ಮೆಷಿನ್ ಓಡುವ ಹೊತ್ತಿಗೆ ಹಾಲ್‌ನಲ್ಲೇ ಕೂತು ಪೇಪರ್ ಓದುತ್ತಾರೆ. ಮೊದಲು ಎದ್ದು ಗೇಟಿನ ಹತ್ತಿರ ಹೋಗಬೇಕಿತ್ತು.

ಪೂರ್ತಿ ಏರ್ಪಾಡಿಗೆ ಹತ್ತೂವರೆ ಸಾವಿರದ ಒಳಗೆ ಆಗಿದೆ, ಮೂಲೆಗೆ ಬಿದ್ದಿರುವ ಟರ್ಬೋ ಬ್ರಷ್ ಬಿಟ್ಟು. ಫ್ಲ್ಯಾಟ್‌ನವರಿಗೆ ಒಂದು ಬಾಲ್ಕನಿ ಇದ್ದರೆ ಇದೇ ಆಗುತ್ತದೆ, ಆದರೆ ಹಗಲು ಹೊತ್ತು ಮಾತ್ರ ಹಚ್ಚಿ, ಇಲ್ಲದಿದ್ದರೆ ಕೆಳಗಿನವರು ಮೇಲೆ ಬರುತ್ತಾರೆ. ಬಾಲ್ಕನಿಯೂ ಇಲ್ಲ, ಮನೆಯಲ್ಲಿ ಉಬ್ಬಸದವರು ಇದ್ದಾರೆ ಅಂದರೆ ಪೇಪರ್ ಬ್ಯಾಗಿನ ಕ್ಯಾನಿಸ್ಟರ್, ಹಿಂದೆ ಹೆಪಾ ಇರುವುದನ್ನು ನೋಡಿ. ಅಂಗಡಿಯಲ್ಲಿ ಮೊದಲು ಬ್ಯಾಗು ಸಿಗುತ್ತದಾ ಅಂತ ಕೇಳಿ, ಮೆಷಿನ್ ರೇಟು ಆಮೇಲೆ. ನನ್ನ ತಂಗಿ ಒಳ್ಳೇ ಮೆಷಿನ್ನೇ ತಗೊಂಡಳು, ಬ್ಯಾಗು ಊರಲ್ಲಿ ಎಲ್ಲೂ ಇಲ್ಲ. ಐದರ ಪ್ಯಾಕಿಗೆ ಸಾವಿರದ ಹತ್ತಿರ ಕೊಟ್ಟು ತರಿಸುತ್ತಾಳೆ, ಬರುವವರೆಗೆ ಹಳೇ ಬ್ಯಾಗನ್ನೇ ಕೊಯ್ದು ಖಾಲಿ ಮಾಡಿ ಸ್ಟೇಪ್ಲರ್ ಹೊಡೆಯುತ್ತಾಳೆ.