ಬಾರ್ನ್‌ನಲ್ಲಿ ಲೆಕ್ಕ ಹಾಕಿದ್ರೆ ಸೊನ್ನೆಗಳ ಕಾಟ ಇಲ್ಲ

ಎಂಎಸ್ಸಿ ನ್ಯೂಕ್ಲಿಯರ್ ಲ್ಯಾಬಲ್ಲಿ ಸೀಸಿಯಂ-137 ಸೋರ್ಸು, ಸೋಡಿಯಂ ಅಯೋಡೈಡ್ ಡಿಟೆಕ್ಟರು, ಮಧ್ಯೆ ಒಂದೊಂದೇ ಪ್ಲೇಟ್ ಇಡ್ತಾ ಕೌಂಟ್ಸ್ ಬರ್ಕೊಳ್ಳೋ ಎಕ್ಸ್‌ಪೆರಿಮೆಂಟ್ ಫಿಸಿಕ್ಸ್ ಓದಿದ ಸುಮಾರು ಜನ ಮಾಡಿರ್ತೀರ. ಪ್ಲೇಟು ಗಾಮಾ ಕಿರಣಾನ ಎಷ್ಟು ತಡೆಯುತ್ತೆ ಅನ್ನೋ ಅಟೆನ್ಯುಯೇಶನ್ ಕೋಎಫಿಶಿಯೆಂಟ್ ರೆಕಾರ್ಡಲ್ಲಿ ಬರೆದು ಸೈನ್ ಹಾಕಿಸ್ಕೊಂಡ್ರೆ ಕೆಲಸ ಮುಗೀತು ಅಂತಾರೆ, ನಾನು ಅದನ್ನ ಕ್ರಾಸ್ ಸೆಕ್ಷನ್ (ಒಂದೊಂದು ಆಟಮ್ ಕಿರಣಕ್ಕೆ ಅಡ್ಡ ಸಿಗೋ ಲೆಕ್ಕದ ಏರಿಯಾ, ಅಳೆಯೋದು ಬಾರ್ನ್ ಅನ್ನೋ ಯೂನಿಟ್ಟಲ್ಲಿ) ತನಕ ಎಳೆದೆ, ಮಜಾ ಇರೋದೇ ಅಲ್ಲಿ.

ದಪ್ಪ ಅಳೆಯೋ ಗೋಜಿಗೇ ಹೋಗಲಿಲ್ಲ. ಪ್ಲೇಟ್ ತೂಕ ಮಾಡಿ ಅದರ ಏರಿಯಾದಿಂದ ಭಾಗಿಸಿದ್ರೆ ನೇರ ಗ್ರಾಂ ಪರ್ ಸೆಂ.ಮೀ ಸ್ಕ್ವೇರ್ ಸಿಗುತ್ತೆ, ಸ್ಕ್ರೂಗೇಜೂ ಬೇಡ ಡೆನ್ಸಿಟಿ ಟೇಬಲ್ಲೂ ಬೇಡ, ಸೀಸದ ಪ್ಲೇಟಂತೂ ಮೆತ್ತಗಿರುತ್ತೆ, ಹುಡುಗ್ರ ಕೈಲಿ ಬಿದ್ದು ಬಿದ್ದು ಉಬ್ಬುತಗ್ಗು ಆಗಿರುತ್ತೆ. ಶಕ್ತಿ ಕಳ್ಕೊಳ್ಳದೆ ದಾಟಿ ಬಂದ ಗಾಮಾಗಳ ಲೆಕ್ಕ ಕೊಡೋ 662 ಕೆಇವಿ ಫೋಟೋಪೀಕಿನ ಏರಿಯಾ ಮಾತ್ರ ತಗೊಂಡು, ಬ್ಯಾಕ್‌ಗ್ರೌಂಡ್ ಕಳೆದು, ಲಾಗ್ ಗ್ರಾಫ್ ಎಳೆದೆ. ಸ್ಲೋಪು ಅಲ್ಯೂಮಿನಿಯಂಗೆ ಸುಮಾರು 0.075, ಸೀಸಕ್ಕೆ 0.11 ಸೆಂ.ಮೀ ಸ್ಕ್ವೇರ್ ಪರ್ ಗ್ರಾಂ. ಅಂಥ ದೊಡ್ಡ ವ್ಯತ್ಯಾಸ ಏನೂ ಕಾಣಲ್ಲ.

ಇದನ್ನ ಒಂದು ಆಟಮ್‌ಗೆ ತರೋಕೆ ಅಟಾಮಿಕ್ ವೆಯ್ಟಿಂದ ಗುಣಿಸಿ ಅವೊಗಾಡ್ರೊ ನಂಬರಿಂದ ಭಾಗಿಸ್ಬೇಕು. ಆಗ ಕ್ಯಾಲ್ಕುಲೇಟರಲ್ಲಿ ಮೈನಸ್ ಇಪ್ಪತ್ಮೂರು, ಇಪ್ಪತ್ನಾಲ್ಕು ಅಂತ ಒತ್ತೋಕೆ ಹೋಗ್ಬೇಡಿ. ಒಂದು ಬಾರ್ನ್ ಅಂದ್ರೆ 10⁻²⁴ ಸೆಂ.ಮೀ ಸ್ಕ್ವೇರ್, ಅವೊಗಾಡ್ರೊ ನಂಬರನ್ನ 0.6022 × 10²⁴ ಅಂತ ಬರ್ಕೊಳ್ಳಿ, ಎರಡೂ ಘಾತ ಹೊಡೆದು ಹೋಗುತ್ತೆ, ಉಳಿಯೋದು ಬರೀ 0.6022. ಅಲ್ಯೂಮಿನಿಯಂಗೆ 0.075 × 26.98 ÷ 0.6022, ಅಂದ್ರೆ 3.36 ಬಾರ್ನ್. ಸೀಸಕ್ಕೆ 37.8. ರಿಯಾಕ್ಟರ್ ಲೆಕ್ಕ ಮಾಡೋರು ಇನ್ನೂ ಸೋಮಾರಿಗಳು, ಆಟಮ್ ಡೆನ್ಸಿಟಿನೂ ಬಾರ್ನ್-ಸೆಂಟಿಮೀಟರಿಗೆ ಇಷ್ಟು ಅಂತಲೇ ಬರೀತಾರೆ, ಯುರೇನಿಯಂ ಮೆಟಲ್‌ಗೆ 0.048. ಅಷ್ಟೇ, ಸೊನ್ನೆ ಎಣಿಸೋ ಕೆಲಸವೇ ಇಲ್ಲ.

ಆಮೇಲೆ ಇನ್ನೊಂದು ಸ್ಟೆಪ್. 3.36ನ ಅಲ್ಯೂಮಿನಿಯಂನ 13 ಎಲೆಕ್ಟ್ರಾನ್‌ಗೆ ಹಂಚಿದ್ರೆ ತಲಾ 0.258 ಬಾರ್ನ್, ಗಾಮಾ ಎಲೆಕ್ಟ್ರಾನ್‌ಗೆ ಬಡಿದು ಚದುರೋ ಕಾಂಪ್ಟನ್ ಸ್ಕ್ಯಾಟರಿಂಗಿಗೆ ಈ ಎನರ್ಜಿಲಿ ಕ್ಲೈನ್-ನಿಶಿನಾ ಫಾರ್ಮುಲಾ ಕೊಡೋದು 0.256! ಅಂದ್ರೆ ಇಲ್ಲಿ ಆಗ್ತಿರೋದೆಲ್ಲ ಹೆಚ್ಚೂಕಮ್ಮಿ ಕಾಂಪ್ಟನ್ ಸ್ಕ್ಯಾಟರಿಂಗೇ. ಸೀಸದ 82 ಎಲೆಕ್ಟ್ರಾನ್‌ಗೆ ಹಂಚಿದ್ರೆ 0.46, ಕಾಂಪ್ಟನ್ ಪಾಲು ಬಿಟ್ಟು ಮಿಕ್ಕಿದ್ದರಲ್ಲಿ ಬಹುಪಾಲು ಫೋಟೋಎಲೆಕ್ಟ್ರಿಕ್, ಅಂದ್ರೆ ಆಟಮ್ಮು ಗಾಮಾನ ಪೂರ್ತಿ ನುಂಗೋದು. ಗ್ರಾಂ ಲೆಕ್ಕದಲ್ಲಿ ಅಡಗಿ ಕೂತಿದ್ದ ವಿಷಯ ಬಾರ್ನ್ ಪರ್ ಎಲೆಕ್ಟ್ರಾನ್ ಮಾಡಿದ ತಕ್ಷಣ ಎದ್ದು ಕಾಣುತ್ತೆ, ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳೋದೂ ಇದನ್ನೇ.

ಪಾರ್ಟಿಕಲ್ ಫಿಸಿಕ್ಸ್ ಕಡೆ ಹೋಗೋರಿಗೂ ಇದೇ ಉಪಾಯ ಸಾಕು. ಪ್ರೋಟಾನ್‌ಗಳನ್ನ ಡಿಕ್ಕಿ ಹೊಡೆಸೋ ಎಲ್‌ಎಚ್‌ಸಿಲಿ 13 ಟಿಇವಿಗೆ ಹಿಗ್ಸ್ ಕಣ ಹುಟ್ಟೋ ಕ್ರಾಸ್ ಸೆಕ್ಷನ್ ಸುಮಾರು 55 ಪಿಕೋಬಾರ್ನ್, ಅಲ್ಲಿನ ಅಟ್ಲಾಸ್ ಡಿಟೆಕ್ಟರಿಗೆ 2015ರಿಂದ 18ರ ತನಕ ಸಿಕ್ಕಿದ ಡೇಟಾ ಸುಮಾರು 140 ಇನ್ವರ್ಸ್ ಫೆಮ್ಟೋಬಾರ್ನ್ (ಕ್ರಾಸ್ ಸೆಕ್ಷನ್ನಿಂದ ಗುಣಿಸಿದ್ರೆ ಎಷ್ಟು ಸಲ ಆಯ್ತು ಅಂತ ಹೇಳೋ ಯೂನಿಟ್ಟು), ಪಿಕೋಗೂ ಫೆಮ್ಟೋಗೂ ಸಾವಿರದ ಅಂತರ, ಗುಣಿಸಿದ್ರೆ ಹತ್ರ ಹತ್ರ 77 ಲಕ್ಷ ಹಿಗ್ಸ್.