‘ರಿಯಲ್ ಫ್ರೆಂಡ್ಸ್’ ಅನ್ನು ಮಕ್ಕಳ ಜೊತೆ ಓದುವುದು ಹೇಗೆ?

ನಮ್ಮ ಶಾಲೆಯ ಲೈಬ್ರರಿಯಲ್ಲಿ ಐದನೇ ಕ್ಲಾಸಿನವರು ಕಿತ್ತಾಡಿ ಒಯ್ಯುವ ಕಾಮಿಕ್ಸ್ ಇದು. ಶಾನನ್ ಹೇಲ್ ಬರೆದದ್ದು, ಚಿತ್ರ ಲೆಯೂಯೆನ್ ಫಾಮ್ ಅವರದು, ಬಂದದ್ದು 2017ರಲ್ಲಿ. ಹೇಲ್ ಇಲ್ಲಿ ಹೇಳಿರುವುದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಕಳೆದ ತಮ್ಮದೇ ಬಾಲ್ಯ. ಜೀವದ ಗೆಳತಿ ಏಡ್ರಿಯನ್, ಜೆನ್ ಎಂಬ ಹುಡುಗಿಯ ‘ಗ್ರೂಪ್’ ಸೇರುತ್ತಾಳೆ. ಶಾನನ್‌ಗೂ ಅದರೊಳಗೆ ಜಾಗ ಬೇಕು.

ಮೊದಲ ಸಲ ಮಗು ಒಂದೇ ಓದಿಕೊಳ್ಳಲಿ. ಇನ್ನೂರು ಪುಟ ದಾಟಿದರೂ ಒಂದೆರಡು ಸಂಜೆಯಲ್ಲಿ ಮುಗಿಸಿಬಿಡುತ್ತವೆ. ಇಂಗ್ಲಿಷ್ ಕಷ್ಟವಾದರೆ ನೀವು ಪಕ್ಕದಲ್ಲಿ ಕೂತು ಚೌಕ ಚೌಕವಾಗಿ ಕನ್ನಡದಲ್ಲಿ ಹೇಳುತ್ತಾ ಹೋಗಿ.

ಎರಡನೇ ಓದು ನಿಧಾನಕ್ಕೆ. ಗ್ರೂಪ್ ಬರುವ ಒಂದು ಪುಟ ತೆಗೆದು ಮಾತಿನ ಗುಳ್ಳೆಗಳ ಮೇಲೆ ಚೀಟಿ ಅಂಟಿಸಿ. “ಯಾರು ಯಾರನ್ನ ನೋಡ್ತಿದಾರೆ? ಜೆನ್ ಪಕ್ಕ ಯಾರಿದಾರೆ, ದೂರ ಯಾರು?” ಎಂದಷ್ಟೇ ಕೇಳಿ. ಮಾತು ಕಾಣದಿದ್ದಾಗ ಮಕ್ಕಳು ಮುಖ ಓದುತ್ತವೆ. ನಗುವವರ ಗುಂಪಿನಲ್ಲಿ ನಗದ ಒಬ್ಬಳನ್ನು ನಮಗಿಂತ ಬೇಗ ಹುಡುಕುತ್ತವೆ. ಚೀಟಿ ತೆಗೆದು ಮಾತು ಓದುವುದು ಆಮೇಲೆ. ಒಂದು ಚೌಕಕ್ಕೂ ಮುಂದಿನದಕ್ಕೂ ನಡುವೆ ಏನಾಗಿರಬಹುದು ಅಂತಲೂ ಕೇಳಬಹುದು; ಕೆಲವರು ಅಲ್ಲಿ ತಮ್ಮ ಕಥೆಯನ್ನೇ ಹೇಳಿಬಿಡುತ್ತಾರೆ.

ಶಾನನ್‌ಳ ಅಕ್ಕ ವೆಂಡಿಯನ್ನು ಫಾಮ್ ಕೆಲವು ಕಡೆ ಕರಡಿಯಾಗಿ ಬಿಡಿಸಿದ್ದಾರೆ. ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದ ಉಪಾಯ ಅದೇ. ಯಾಕೆ ಕರಡಿ ಅಂತ ನೀವೇ ವಿವರಿಸಲು ಹೋಗಬೇಡಿ. “ನಮ್ಮನೇಲಿ ಯಾರು ಯಾವ ಪ್ರಾಣಿ?” ಅಂದು ಹಾಳೆ, ಪೆನ್ಸಿಲ್ ಕೊಡಿ. ನಿಮ್ಮನ್ನೇ ಹುಲಿ ಮಾಡಿದರೆ ಸುಮ್ಮನೆ ಒಪ್ಪಿಕೊಳ್ಳಿ.

“ನಿನ್ನ ಕ್ಲಾಸಲ್ಲಿ ಜೆನ್ ಯಾರು?” ಎಂದು ಮಾತ್ರ ಕೇಳಲೇಬೇಡಿ. ಅದು ಚಾಡಿ ಹೇಳಿಸಿದ ಹಾಗೆ. ಬೇಕಿದ್ದರೆ ಊಟದ ಹೊತ್ತಿಗೆ ಯಾರು ಎಲ್ಲಿ ಕೂರುತ್ತಾರೆಂದು ಹೆಸರಿಲ್ಲದೆ, ಬರೀ ಸೊನ್ನೆಗಳಲ್ಲಿ ಬಿಡಿಸಲಿ. ತನ್ನ ಸೊನ್ನೆ ಯಾವುದು ಅಂತ ಅದಕ್ಕೆ ಗೊತ್ತಿರುತ್ತದೆ. ‘ಇದರಿಂದ ಏನು ಕಲಿತೆ?’ ಎಂಬ ಪ್ರಶ್ನೆಯೂ ಬೇಡ. ನೆನ್ನೆ ಠೂ ಬಿಟ್ಟು ಇವತ್ತು ಡಬ್ಬಿ ಹಂಚಿಕೊಳ್ಳುವವರಿಗೆ ನಮ್ಮ ನೀತಿಪಾಠ ಯಾಕೆ?

ಮುಂದಿನ ಭಾಗ ‘ಬೆಸ್ಟ್ ಫ್ರೆಂಡ್ಸ್’ (2019) ಆರನೇ ಕ್ಲಾಸಿನ ಕಥೆ. ಅದರಲ್ಲಿ ಶಾನನ್‌ಳ ಆತಂಕ ಇನ್ನೂ ಹೆಚ್ಚು. ಶಾಲೆಗೆ ಹೊರಡುವಾಗ ಹೊಟ್ಟೆನೋವು ಅನ್ನುವ ಮಗುವಿದ್ದರೆ ಅದನ್ನು ನೀವು ಮೊದಲು ಓದಿ, ಆಮೇಲೆ ಕೊಡಿ.